ಬಹುವಚನದ ಪಾಠ



ನಿಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿಯ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿದೆಯೇ? ಅವರ ಶಾಲೆಯ ಮೆಟ್ಟಿಲುಗಳನ್ನು ದಿನವೂ ಒರೆಸುವ ಆಯಾ ಅವರ ಹೆಸರು? ಗೇಟಿನಲ್ಲಿ ಬಿಸಿಲಿಗೆ ನಿಲ್ಲುವ ವಾಚ್‌ಮನ್ನರ ಹೆಸರು? ಈ ಪ್ರಶ್ನೆಗಳನ್ನು ನಿಮ್ಮ ಮುಂದಿಡುವ ಯೋಗ್ಯತೆ ನನಗಿದೆಯೆಂದು ನಾನು ಹೇಳಿಕೊಳ್ಳುವುದಿಲ್ಲ. ಇಂಥದೇ ಒಂದು ಪ್ರಶ್ನೆಗೆ ಉತ್ತರಿಸಲಾರದೆ ತಲೆತಗ್ಗಿಸಿ ಕುಳಿತವನು ನಾನು. ಅಂದು ಕಲಿತದ್ದು ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ. ಮಗ ಓದುತ್ತಿದ್ದುದು ದಕ್ಷಿಣ ಬೆಂಗಳೂರಿನಲ್ಲಿಯೇ ಕನ್ಯಾಸ್ತ್ರೀಯರು ನಡೆಸುವ ಒಂದು ಕಥೋಲಿಕ ಶಾಲೆಯಲ್ಲಿ. ಅಲ್ಲಿ ಸೀಟು ದೊರೆತ ದಿನ ನನ್ನ ಶ್ರೀಮತಿಯೊಡನೆ, "ಇನ್ನು ಇವನ ನಡತೆಯ ಬಗ್ಗೆ ನಮಗೆ ಚಿಂತೆಯಿಲ್ಲ, ಸಿಸ್ಟರ್‌ಗಳು ನೋಡಿಕೊಳ್ಳುತ್ತಾರೆ" ಎಂದು ನೆಮ್ಮದಿಯಿಂದ ಹೇಳಿದ್ದೆ. ಶುಲ್ಕ ಕಟ್ಟಿದೊಡನೆ ಪುಸ್ತಕ, ಸಮವಸ್ತ್ರಗಳ ಜೊತೆಗೆ ಒಳ್ಳೆಯ ಗುಣವನ್ನೂ ಶಾಲೆಯವರೇ ಒದಗಿಸುತ್ತಾರೆಂಬುದು ನನ್ನ ಎಣಿಕೆಯಾಗಿತ್ತು.

2018ರ ನವೆಂಬರ್ ತಿಂಗಳು. ಮಗ ಐದನೇ ತರಗತಿಯಲ್ಲಿದ್ದ. ಒಂದು ಸಂಜೆ ಅವನ ಶಾಲಾ ಡೈರಿಯಲ್ಲಿ, ನಾಳೆ ಬೆಳಿಗ್ಗೆ ತಂದೆತಾಯಿ ಇಬ್ಬರೂ ಬಂದು ಮುಖ್ಯೋಪಾಧ್ಯಾಯಿನಿಯವರನ್ನು ಕಾಣಬೇಕೆಂಬ ಒಕ್ಕಣೆ ಇತ್ತು. ಗಣಿತದಲ್ಲಿ ಅಂಕ ಕಡಿಮೆಯಾದುದಕ್ಕೆ ಇರಬೇಕೆಂದುಕೊಂಡು, ಕಚೇರಿಯಲ್ಲಿ ಎರಡು ಗಂಟೆಯ ಅನುಮತಿ ಪಡೆದು, ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯನ್ನು ಹಿಡಿದು ಹೋದೆವು. ಸಿಸ್ಟರ್ ಆ ಅಂಕಪಟ್ಟಿಯನ್ನು ಬಿಡಿಸಿಯೂ ನೋಡಲಿಲ್ಲ.

ನಡೆದದ್ದಿಷ್ಟು. ಹಿಂದಿನ ದಿನ ಮಧ್ಯಾಹ್ನ ಊಟವಾದ ಮೇಲೆ ತರಗತಿಯ ಹುಡುಗನೊಬ್ಬ ವಾಂತಿ ಮಾಡಿಕೊಂಡಿದ್ದ. ಆಯಾ ಬಕೆಟ್ಟು, ಬಟ್ಟೆ ಹಿಡಿದು ಬಂದರು. ವಯಸ್ಸು ಐವತ್ತೈದು ದಾಟಿದೆ, ಮಂಡಿನೋವು ಬೇರೆ. ಮೇಜು ಹಿಡಿದುಕೊಂಡು ಮೆಲ್ಲನೆ ಕೆಳಗೆ ಕೂರುತ್ತಿದ್ದಾಗ ನನ್ನ ಮಗ ಮೂಗು ಮುಚ್ಚಿಕೊಂಡು, "ಏ, ಬೇಗ ಒರೆಸು. ಅದೇ ತಾನೇ ನಿನ್ನ ಕೆಲಸ?" ಎಂದನಂತೆ. ಕೆಲವು ಮಕ್ಕಳು ನಕ್ಕರಂತೆ. ಆಯಾ ಒಂದು ಮಾತನ್ನೂ ಆಡದೆ ಒರೆಸಿ ಹೋದರಂತೆ. ವಿಷಯವನ್ನು ತಿಳಿಸಿದ್ದು ಆಕೆಯಲ್ಲ, ತರಗತಿಯ ಟೀಚರ್.

ಓದುಗರೇ, ಆಗ ನನ್ನ ಬಾಯಿಂದ ಬಂದ ಮಾತನ್ನು ಮುಚ್ಚಿಡುವುದಿಲ್ಲ. "ಇಷ್ಟಕ್ಕೇ ಕರೆಸಿದಿರಾ ಸಿಸ್ಟರ್? ಮಕ್ಕಳು, ಏನೋ ಬಾಯಿ ತಪ್ಪಿ ಅಂದಿರಬಹುದು. ನಮ್ಮ ಮನೆಯಲ್ಲಿ ಇಂಥದ್ದನ್ನೆಲ್ಲ ಕಲಿಸುವುದಿಲ್ಲ. ಇಲ್ಲಿ ಬೇರೆ ಹುಡುಗರಿಂದ ಕಲಿತಿರಬೇಕು" ಎಂದುಬಿಟ್ಟೆ.

ಸಿಸ್ಟರ್ ಸಿಟ್ಟಾಗಲಿಲ್ಲ. "ನಿಮ್ಮ ಮನೆಗೆ ಕೆಲಸಕ್ಕೆ ಯಾರು ಬರುತ್ತಾರೆ? ಅವರನ್ನು ನೀವು ಏನೆಂದು ಕರೆಯುತ್ತೀರಿ?" ಎಂದು ಕೇಳಿದರು.

ನಾನು ಶ್ರೀಮತಿಯ ಮುಖ ನೋಡಿದೆ. ಬಿ.ಟಿ.ಎಂ. ಬಡಾವಣೆಯ ಕಡೆಯಿಂದ ಆಕೆ ನಮ್ಮ ಮನೆಗೆ ಬರಲಾರಂಭಿಸಿ ಆರು ವರ್ಷಗಳಾಗಿದ್ದವು. ನನಗೆ ಆಕೆಯ ಹೆಸರು ತಿಳಿದಿರಲಿಲ್ಲ. ಮನೆಯಲ್ಲಿ ನಮ್ಮ ಮಾತು, "ಕೆಲಸದವಳು ಬಂದಳಾ?", "ಅವಳು ಇವತ್ತೂ ರಜಾ ಹಾಕಿದಳು" ಎಂದೇ ಇತ್ತು. ನನ್ನ ಫೋನಿನಲ್ಲಿ ಆಕೆಯ ಸಂಖ್ಯೆಯನ್ನು 'ಮೇಡ್' ಎಂದು ಸೇರಿಸಿಟ್ಟಿದ್ದೆ. ಫೋನ್ ಬಡಿದುಕೊಂಡರೆ ಮಗ ಅದನ್ನು ನೋಡಿ, "ಅಮ್ಮಾ, ಮೇಡ್ ಫೋನ್ ಮಾಡ್ತಿದಾಳೆ" ಎಂದು ಕೂಗುತ್ತಿದ್ದ. ನಾವು ಯಾರೂ ಅವನನ್ನು ತಿದ್ದಿರಲಿಲ್ಲ. ಅವನ ಬಾಯಿ ತಪ್ಪಿರಲಿಲ್ಲ, ಓದುಗರೇ. ಆರು ವರ್ಷ ಮನೆಯಲ್ಲಿ ಕೇಳಿದ ಪಾಠವನ್ನು ಅವನು ಶಾಲೆಯಲ್ಲಿ ಒಪ್ಪಿಸಿದ್ದ, ಅಷ್ಟೆ.

ನಮ್ಮ ಕನ್ನಡದಲ್ಲಿ ಒಂದು ಸೌಕರ್ಯವಿದೆ. ಒಬ್ಬ ವ್ಯಕ್ತಿಯ ಬಗ್ಗೆ ನಮ್ಮ ಮನಸ್ಸಿನಲ್ಲಿರುವ ಗೌರವ ಎಷ್ಟೆಂಬುದು ಒಂದೇ ಅಕ್ಷರದಲ್ಲಿ ತಿಳಿದುಬಿಡುತ್ತದೆ. 'ಬಾ' ಮತ್ತು 'ಬನ್ನಿ', 'ಅವಳು' ಮತ್ತು 'ಅವರು'. ಏಕವಚನವೆಲ್ಲ ಅಗೌರವವಲ್ಲ. ಹೆತ್ತ ತಾಯಿಯನ್ನು, ಬಾಲ್ಯದ ಗೆಳೆಯನನ್ನು ನಾವು 'ನೀನು' ಎನ್ನುವುದು ಸಲಿಗೆಯಿಂದ. ಆದರೆ ಸಲಿಗೆಯೂ ಇಲ್ಲದ, ವಯಸ್ಸಿನಲ್ಲಿಯೂ ನಮಗಿಂತ ಹಿರಿಯರಾದ ಒಬ್ಬರನ್ನು, ಅವರು ಕೂಲಿಗೆ ದುಡಿಯುತ್ತಾರೆಂಬ ಒಂದೇ ಕಾರಣಕ್ಕೆ 'ನೀನು' ಎಂದರೆ ಅದು ಬೇರೆಯೇ ಮಾತು. ಇದು ಪಟ್ಟಣದ ರೋಗವೆಂದು ಹಳ್ಳಿಯನ್ನು ಹೊಗಳಿ ಜಾರಿಕೊಳ್ಳುವಂತೆಯೂ ಇಲ್ಲ. ಕನಕಪುರದ ಕಡೆಯ ನಮ್ಮ ಊರಿನಲ್ಲಿ ಅಣ್ಣ, ಅಕ್ಕ, ದೊಡ್ಡಪ್ಪ ಎಂಬ ಸಂಬೋಧನೆಗಳು ಧಾರಾಳವಾಗಿದ್ದವು ನಿಜ. ಆದರೆ ಹೊಲಕ್ಕೆ ಕೂಲಿಗೆ ಬರುತ್ತಿದ್ದ ತಲೆ ನರೆತವರನ್ನು ಚಡ್ಡಿ ತೊಟ್ಟ ಹುಡುಗರು 'ಬಾರೋ' ಎಂದು ಕರೆಯುತ್ತಿದ್ದುದನ್ನೂ ನಾನು ಕೇಳಿದ್ದೇನೆ. ಆ ಹುಡುಗರಲ್ಲಿ ನಾನೂ ಒಬ್ಬನಾಗಿದ್ದೆ.

ಸಿಸ್ಟರ್ ಮುಂದೆ ಹೇಳಿದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. "ತಪ್ಪು ನಿಮ್ಮದೊಂದೇ ಅಲ್ಲ, ನಮ್ಮದೂ ಇದೆ" ಎಂದು ಶಾಲಾ ಡೈರಿಯ ಮೊದಲ ಪುಟವನ್ನು ತೆರೆದು ತೋರಿಸಿದರು. ಅದರಲ್ಲಿ ಎಲ್ಲ ಶಿಕ್ಷಕಿಯರ ಹೆಸರುಗಳಿದ್ದವು. ಆಯಾಗಳ, ವಾಚ್‌ಮನ್ನರ ಹೆಸರು ಎಲ್ಲಿಯೂ ಇರಲಿಲ್ಲ. "ಮೌಲ್ಯಶಿಕ್ಷಣದ ತರಗತಿಯಲ್ಲಿ ಮದರ್ ತೆರೇಸಾರವರ ಸೇವೆಯ ಬಗ್ಗೆ ಪಾಠ ಮಾಡುತ್ತೇವೆ. ಆದರೆ ಅದೇ ತರಗತಿಯ ಕಸ ಗುಡಿಸುವವರ ಹೆಸರನ್ನು ಮಕ್ಕಳಿಗೆ ಹೇಳಿಕೊಟ್ಟಿಲ್ಲ" ಎಂದರು.

ಮಗನಿಂದ ಇಡೀ ತರಗತಿಯೆದುರು ಕ್ಷಮೆ ಕೇಳಿಸುವುದಾಗಿ ನಾನು ಹೇಳಿದೆ. ಸಿಸ್ಟರ್ ಒಪ್ಪಲಿಲ್ಲ. ಎಲ್ಲರೆದುರು ಅವಮಾನಕ್ಕೆ ಒಳಗಾದ ಮಗು ಅವಮಾನಿಸುವುದನ್ನೇ ಕಲಿಯುತ್ತದೆ, ಗೌರವವನ್ನಲ್ಲ ಎಂಬುದು ಅವರ ಅಭಿಪ್ರಾಯ. ಅದರ ಬದಲು ಶಾಲೆ ತನ್ನ ಪಾಲಿನ ಕೆಲಸ ಮಾಡಲಿ, ಮನೆ ತನ್ನ ಪಾಲಿನದನ್ನು ಮಾಡಲಿ ಎಂದು ಒಪ್ಪಂದವಾಯಿತು. ಶಾಲೆಯಲ್ಲಿ ಆಯಾಗಳನ್ನೂ ವಾಚ್‌ಮನ್ನರನ್ನೂ ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಹೆಸರು ಹೇಳಿ ಮಕ್ಕಳಿಗೆ ಪರಿಚಯಿಸಿದರು. ಊಟದ ನಂತರ ತಮ್ಮ ತಮ್ಮ ಮೇಜನ್ನು ಮಕ್ಕಳೇ ಒರೆಸಬೇಕೆಂಬ ನಿಯಮ ಬಂತು. ನಮ್ಮ ಮನೆಯಲ್ಲಿ ಮಗ ತನ್ನ ತಟ್ಟೆಯನ್ನು ತಾನೇ ತೊಳೆಯಬೇಕು, ಮನೆಗೆ ಬರುವ ತಾಯಿಯನ್ನು ಎಲ್ಲರೂ ಬಹುವಚನದಲ್ಲಿ ಮಾತನಾಡಿಸಬೇಕು, ಮೊದಲು ತಿದ್ದಿಕೊಳ್ಳಬೇಕಾದವನು ತಂದೆ ಎಂದು ತೀರ್ಮಾನವಾಯಿತು. ಅಂದು ರಾತ್ರಿ ಫೋನಿನಲ್ಲಿದ್ದ 'ಮೇಡ್' ಎಂಬುದನ್ನು ಅಳಿಸಿ ಆಕೆಯ ಹೆಸರನ್ನು ಬರೆದೆ. ಆ ಹೆಸರನ್ನು ಇಲ್ಲಿ ಬರೆದಿಲ್ಲ. "ಪತ್ರಿಕೆಗೆಲ್ಲ ಹಾಕಬೇಡಿ ಸಾರ್" ಎಂದು ಆಕೆಯೇ ನಗುತ್ತಾ ಹೇಳಿದ್ದಾರೆ.

ಶಿಕ್ಷಣವೆಂದರೆ ಮನೆ ಮತ್ತು ಶಾಲೆಗಳ ಜೋಡಿ ಕೆಲಸವೆಂಬುದು ಹೊಸ ವಿಚಾರವೇನಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಕ್ರೈಸ್ತ ಶಿಕ್ಷಣದ ಕುರಿತಾದ ಘೋಷಣೆಯು ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಯರೇ ಎಂದು ಸ್ಪಷ್ಟಪಡಿಸಿತು. ಶಿಕ್ಷಕರು ಅವರ ಸಹಭಾಗಿಗಳಾಗಿ ದುಡಿಯಬೇಕೆಂದಿತು. ಅದಕ್ಕೂ ಸುಮಾರು ನೂರು ವರ್ಷಗಳ ಹಿಂದೆ ಇದನ್ನೇ ಬಲ್ಲ ಸಂತರೊಬ್ಬರು ನಮ್ಮ ನೆರೆಯ ಕೇರಳದಲ್ಲಿದ್ದರು. ಹೊಸೂರು ರಸ್ತೆಯಲ್ಲಿ ಡೈರಿ ಸರ್ಕಲ್ ಬಳಿ ಹಾದುಹೋಗುವಾಗ ನೀವು ಧರ್ಮಾರಾಮವನ್ನೂ ಕ್ರೈಸ್ಟ್ ವಿಶ್ವವಿದ್ಯಾಲಯವನ್ನೂ ಕಂಡಿರುತ್ತೀರಿ. ಅವುಗಳನ್ನು ನಡೆಸುವ ಸಿ.ಎಂ.ಐ. ಸಭೆಯ ಸ್ಥಾಪಕರಲ್ಲಿ ಒಬ್ಬರು ಸಂತ ಕುರಿಯಾಕೋಸ್ ಏಲಿಯಾಸ್ ಚಾವರ (1805–1871). 2014ರ ನವೆಂಬರ್ 23ರಂದು ಪೋಪ್ ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಘೋಷಿಸಿದರು. ಪ್ರತಿ ಚರ್ಚಿನ ಜೊತೆಗೂ ಒಂದು ಶಾಲೆ ಇರಬೇಕೆಂದು ದುಡಿದ ಇವರು, 1868ರಲ್ಲಿ ತಮ್ಮ ಹುಟ್ಟೂರಾದ ಕೈನಕರಿಯ ಕುಟುಂಬಗಳಿಗೆ ಮಲಯಾಳಂನಲ್ಲಿ ಒಂದು ಪತ್ರ ಬರೆದರು. ಒಬ್ಬ ಒಳ್ಳೆಯ ತಂದೆಯ ಉಯಿಲು ಎಂಬ ಅರ್ಥದ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಮಕ್ಕಳು ದೇವರು ತಂದೆತಾಯಿಯರ ಕೈಯಲ್ಲಿಟ್ಟ ನಿಕ್ಷೇಪ, ಅದರ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ. ಶಾಲೆಗೆ ಕಳುಹಿಸಿದ ಮೇಲೂ ಅವರ ಕಲಿಕೆಯನ್ನೂ ಗೆಳೆಯರನ್ನೂ ವಿಚಾರಿಸುತ್ತಿರಬೇಕು. ಅತಿಮುದ್ದೂ ಬೇಡ, ಅತಿಶಿಕ್ಷೆಯೂ ಬೇಡ. ದುಡಿದವರ ಕೂಲಿಯನ್ನು ತಡೆಹಿಡಿಯಬಾರದು. ಇವು ಆ ಪತ್ರದ ಉಪದೇಶಗಳಲ್ಲಿ ಕೆಲವು. ಶಾಲೆಗಳನ್ನು ಕಟ್ಟಿದವರೇ ಮನೆಗಳಿಗೂ ಪತ್ರ ಬರೆದರೆಂಬುದನ್ನು ಗಮನಿಸಿ. ಶಾಲೆಯೊಂದರಿಂದಲೇ ಆಗದೆಂದು ಅವರು ಬಲ್ಲವರಾಗಿದ್ದರು.

ಪೋಪ್ ಫ್ರಾನ್ಸಿಸ್‌ರವರು 2015ರ ಮೇ 13ರಂದು ಕುಟುಂಬಗಳನ್ನು ಕುರಿತು ಮಾತನಾಡುತ್ತಾ, ಅನುಮತಿ ಕೇಳುವ, ಕೃತಜ್ಞತೆ ಹೇಳುವ, ಕ್ಷಮೆ ಯಾಚಿಸುವ ಮೂರು ಮಾತುಗಳು ಮನೆಯಲ್ಲಿರಬೇಕು ಎಂದಿದ್ದರು. ನಮ್ಮ ಮಕ್ಕಳು 'ಪ್ಲೀಸ್', 'ಥ್ಯಾಂಕ್ಯೂ', 'ಸಾರಿ'ಗಳನ್ನು ಶಾಲೆಯಲ್ಲಿ ಚೆನ್ನಾಗಿಯೇ ಕಲಿಯುತ್ತಾರೆ. ಆದರೆ ಅವನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬೇಕಾಗಿಲ್ಲ ಎಂಬುದನ್ನು ನಮ್ಮ ಮುಖ ನೋಡಿ ಕಲಿಯುತ್ತಾರೆ.

ಒಪ್ಪಂದವಾದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದಲ್ಲ. ಹಲವು ದಿನ ಮಗನ ಬಹುವಚನ ನಾಟಕದ ಮಾತಿನಂತಿತ್ತು. ನನ್ನದೂ ಅಷ್ಟೆ. ಒಂದು ಬೆಳಿಗ್ಗೆ ಸ್ಕೂಟರಿನ ಹಿಂದೆ ಅವನನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ರಾಗಿಗುಡ್ಡದ ಬಳಿ ಆಟೋ ಒಂದು ಅಡ್ಡ ಬಂತು. "ಏಯ್, ಕಣ್ಣು ಕಾಣಲ್ವಾ ನಿಂಗೆ?" ಎಂದು ಗದರಿದೆ. ಚಾಲಕರು ನನ್ನ ತಂದೆಯ ವಯಸ್ಸಿನವರು. ಸಿಗ್ನಲ್ ದಾಟಿದ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು: "ಅಪ್ಪಾ, ಬಹುವಚನ ಮರೆತ್ರಿ." ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಶಾಲೆಯ ಪಾಠ ಮನೆಗೆ ಬಂದಿತ್ತು.

ಕೆಲವು ವಾರಗಳ ನಂತರ ಅವನು ಇನ್ನೊಂದು ಪ್ರಶ್ನೆ ಕೇಳಿದ. ನಮ್ಮ ಅಡುಗೆಮನೆಯಲ್ಲಿ ಕೆಲಸಕ್ಕೆ ಬರುವವರಿಗೆ ಕಾಫಿ ಕೊಡುವ ಸ್ಟೀಲ್ ಲೋಟವೊಂದು ಸಿಂಕಿನ ಪಕ್ಕದಲ್ಲಿ, ಉಳಿದ ಪಾತ್ರೆಗಳಿಂದ ದೂರದಲ್ಲಿ ಇರುತ್ತಿತ್ತು. ಯಾರು ಅದನ್ನು ಅಲ್ಲಿಟ್ಟರು, ಎಂದಿನಿಂದ ಎಂಬುದು ನೆನಪಿಲ್ಲ. "ಅಮ್ಮಾ, ಅವರ ಲೋಟ ಮಾತ್ರ ಯಾಕೆ ಬೇರೆ ಇಡ್ತೀವಿ?" ಎಂದು ಮಗ ಕೇಳಿದ. ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಒಂದೇ ಪೀಠದಿಂದ ಪರಮಪ್ರಸಾದವನ್ನು ಸ್ವೀಕರಿಸುವ ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಉತ್ತರವಿರಲಿಲ್ಲ ಎಂಬುದೇ ಸತ್ಯ. ನನ್ನ ಶ್ರೀಮತಿ ಎದ್ದು ಆ ಲೋಟವನ್ನು ತೊಳೆದು ನಮ್ಮ ಲೋಟಗಳ ಸಾಲಿನಲ್ಲಿಟ್ಟರು. ಮರುದಿನ ಆ ತಾಯಿ ಅಲ್ಲಿಂದ ಲೋಟ ತೆಗೆದುಕೊಳ್ಳಲು ಸ್ವಲ್ಪ ಹೊತ್ತು ಹಿಂಜರಿದರು. ಆ ಹಿಂಜರಿಕೆಯನ್ನು ಕಂಡಾಗ, ಆರು ವರ್ಷ ನಾವು ಆಕೆಗೆ ಏನು ಮಾಡಿದ್ದೆವೆಂಬುದು ನನಗೆ ಅರ್ಥವಾಯಿತು.

ಆ ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಒಂದು ಸಂಜೆ ಮಗ ಶಾಲೆಯಿಂದ ಬಂದವನೇ ಆಯಾ ಅವರ ಹೆಸರು ಹೇಳಿ, "ಅವರಿಗೆ ಮಂಡಿ ತುಂಬಾ ನೋಯುತ್ತಂತೆ ಅಪ್ಪಾ. ಅಜ್ಜಿ ಹಚ್ಕೊಳ್ತಾರಲ್ಲ, ಆ ಎಣ್ಣೆ ಎಲ್ಲಿ ಸಿಗುತ್ತೆ?" ಎಂದು ಕೇಳಿದ. ಯಾರೂ ಹೇಳಿಕೊಟ್ಟಿರಲಿಲ್ಲ. 'ಅವರು' ಎಂದದ್ದಕ್ಕಿಂತ ಆ ಮಂಡಿ ನೋಯುತ್ತದೆಂಬುದು ಅವನಿಗೆ ಕಂಡದ್ದೇ ನನಗೆ ದೊಡ್ಡದಾಗಿ ತೋರಿತು. ಅಂದು ತರಗತಿಯಲ್ಲಿ ಅವನು ನೋಡಬೇಕಾಗಿದ್ದುದು ಅದನ್ನೇ. ಎಣ್ಣೆಯ ಸೀಸೆಯನ್ನು ಅವನೇ ಕೊಂಡೊಯ್ದು ಕೊಟ್ಟ. ಕ್ಷಮೆಯನ್ನೂ ಕೇಳಿದನಂತೆ, ಯಾರೂ ಇಲ್ಲದಾಗ.

ಸಂತ ಲೂಕರ ಶುಭಸಂದೇಶದಲ್ಲಿ ಹನ್ನೆರಡರ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತ ಪ್ರಸಂಗ ನಿಮಗೆ ತಿಳಿದೇ ಇದೆ. ಮರಿಯಮ್ಮನವರೂ ಜೋಸೆಫರೂ ಕಳವಳದಿಂದ ಹುಡುಕುತ್ತಾ ಆ ಬೋಧಕರ ಸಭೆಗೇ ಹೋಗುತ್ತಾರೆ. ಬಳಿಕ ಬಾಲಕನು ಅವರೊಡನೆ ನಜರೇತಿಗೆ ಹಿಂದಿರುಗಿ ಅವರಿಗೆ ವಿಧೇಯನಾಗಿ ಬೆಳೆಯುತ್ತಾನೆ. ಬೋಧಕರ ಸಭೆಯೂ ಬೇಕಾಯಿತು, ನಜರೇತಿನ ಮನೆಯೂ ಬೇಕಾಯಿತು. ಇವೆರಡರ ನಡುವಣ ದಾರಿಯಲ್ಲಿ ನಡೆದವರು ತಂದೆತಾಯಿ. ನಾವಾದರೋ ಅಂಕಪಟ್ಟಿ ಕೈಗೆ ಬಂದ ದಿನ ಮಾತ್ರ ಆ ದಾರಿಯಲ್ಲಿ ನಡೆಯುತ್ತೇವೆ.

ಆದ್ದರಿಂದ ಓದುಗರೇ, ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಗಳ ಬಗ್ಗೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ನನ್ನ ಮಗು ಇತರರೊಡನೆ ಹೇಗೆ ನಡೆದುಕೊಳ್ಳುತ್ತದೆ?" ಉತ್ತರ ಕಹಿಯಾಗಿದ್ದರೆ ನನ್ನಂತೆ ವಾದಕ್ಕೆ ನಿಲ್ಲಬೇಡಿ, ಮನೆಗೆ ಬಂದು ನಿಮ್ಮ ಮಾತುಗಳನ್ನು ನೀವೇ ಒಂದು ದಿನ ಕೇಳಿಸಿಕೊಳ್ಳಿ. ಶಾಲೆಯಲ್ಲಿ ತಪ್ಪು ಕಂಡರೆ ಗೇಟಿನ ಹೊರಗೆ ನಿಂತು ದೂರದೆ ಒಳಗೆ ಹೋಗಿ ಮೆಲ್ಲನೆ ಹೇಳಿ. ಕಸದ ಗಾಡಿಯೊಡನೆ ಬರುವ ಪೌರಕಾರ್ಮಿಕರ, ಶಾಲಾ ವ್ಯಾನಿನ ಚಾಲಕರ ಹೆಸರನ್ನು ನೀವೂ ಮಕ್ಕಳೂ ಕೂಡಿ ಕೇಳಿ ತಿಳಿದುಕೊಳ್ಳಿ.

ಮಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಅವನ ಗಣಿತದ ಅಂಕಗಳು ಆ ವರ್ಷ ಎಷ್ಟಿದ್ದವೆಂಬುದು ನನಗೆ ಮರೆತುಹೋಗಿದೆ. ಸಿಸ್ಟರ್ ಕೇಳಿದ ಪ್ರಶ್ನೆ ಮಾತ್ರ ಮರೆತಿಲ್ಲ. ನಮ್ಮ ಮಕ್ಕಳನ್ನು ನಮ್ಮ ಕೈಯಲ್ಲಿಟ್ಟ ದೇವರು, ಅವರ ಮುಂದೆ ಆಡುವ ಪ್ರತಿಯೊಂದು ಮಾತಿನ ಮೇಲೂ ನಮಗೆ ಎಚ್ಚರವನ್ನು ದಯಪಾಲಿಸಲಿ.