ಆಕ್ಸ್‌ಫರ್ಡಿನ ಹಳೆಯ ಬಟ್ಟೆಯಂಗಡಿಗಳು

ಮಗನ ಒತ್ತಾಯಕ್ಕೆ ಮಣಿದು 2018ರ ನವೆಂಬರ್ ತಿಂಗಳಿನಲ್ಲಿ ನಾವು ದಂಪತಿಗಳು ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರಕ್ಕೆ ಹೋಗಿದ್ದೆವು. ಧಾರವಾಡದ ಚಳಿಗೆಂದು ಕೊಂಡ ಸ್ವೆಟರು, ಶಾಲುಗಳೇ ಸಾಕೆಂಬುದು ನಮ್ಮ ಎಣಿಕೆಯಾಗಿತ್ತು. ಹೆಡಿಂಗ್‌ಟನ್ ಬಡಾವಣೆಯ ಅವನ ಮನೆಯಿಂದ ಹೊರಗೆ ಕಾಲಿಟ್ಟ ಮೊದಲ ಬೆಳಿಗ್ಗೆಯೇ ಆ ಎಣಿಕೆ ತಪ್ಪೆಂದು ತಿಳಿಯಿತು. ಗಾಳಿ ಶಾಲನ್ನು ದಾಟಿ ಎಲುಬಿಗೇ ತಾಗುತ್ತಿತ್ತು. ದೊಡ್ಡ ಮಳಿಗೆಯೊಂದರಲ್ಲಿ ಉಣ್ಣೆಯ ಕೋಟಿನ ಬೆಲೆ ಕೇಳಿದೆವು. 120 ಪೌಂಡು, ಅಂದಿನ ಲೆಕ್ಕದಲ್ಲಿ ಹನ್ನೊಂದು ಸಾವಿರ ರೂಪಾಯಿಯಷ್ಟು. ನಾಲ್ಕು ತಿಂಗಳ ವಾಸಕ್ಕೆ ಇಷ್ಟು ವೆಚ್ಚವೇ ಎಂದು ಬರಿಗೈಯಲ್ಲಿ ಹಿಂದಿರುಗಿದೆವು.

"ಅವ್ವಾ, ಚಾರಿಟಿ ಶಾಪಿಗೆ ಹೋಗೋಣು ನಡಿ" ಎಂದ ಮಗ. ಅಲ್ಲಿ ಮಾರುವುದು ಜನ ದಾನವಾಗಿ ಕೊಟ್ಟ ಹಳೆಯ ಬಟ್ಟೆಗಳೆಂದು ತಿಳಿದೊಡನೆ ನಮ್ಮ ಮನೆಯವರ ಮುಖ ಸಣ್ಣದಾಯಿತು. "ಮಂದಿ ಹಾಕಿ ಬಿಟ್ಟದ್ದನ್ನ ನಾ ಹಾಕ್ಕೊಳ್ಳಲೇನು? ಸತ್ತವರದೂ ಇರಬಹುದು. ನಾ ಒಲ್ಲೆ" ಎಂದುಬಿಟ್ಟರು. ನಮ್ಮ ಮನಸ್ಸಿನಲ್ಲಿದ್ದುದೂ ಅದೇ. ನಮ್ಮ ಮನೆಯಿಂದ ಹಳೆಯ ಬಟ್ಟೆ ಪಾತ್ರೆ ಮಾರುವವಳ ಬುಟ್ಟಿಗೆ ಹೋದದ್ದುಂಟು, ಕೆಲಸದವಳ ಕೈಗೆ ಹೋದದ್ದುಂಟು. ಹೊರಗಿನಿಂದ ಒಳಕ್ಕೆ ಬಂದದ್ದಿಲ್ಲ.

ಮಗ ವಾದ ಮಾಡಲಿಲ್ಲ. ಮರುದಿನ ಊರು ತೋರಿಸುವ ನೆಪದಲ್ಲಿ ನಮ್ಮನ್ನು ಬ್ರಾಡ್ ಸ್ಟ್ರೀಟಿಗೆ ಕರೆದೊಯ್ದ. ಬೇಲಿಯಲ್, ಟ್ರಿನಿಟಿ ಮೊದಲಾದ ಪ್ರಾಚೀನ ಕಾಲೇಜುಗಳಿರುವ ಬೀದಿ ಅದು. ಅಲ್ಲಿಯ 17ನೆಯ ಸಂಖ್ಯೆಯ ಕಟ್ಟಡದಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆಯ ಚಿಕ್ಕ ಅಂಗಡಿಯೊಂದಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗ್ರೀಸ್ ದೇಶದ ಜನ ಹಸಿವಿನಿಂದ ಸಾಯುತ್ತಿದ್ದಾಗ, ಅವರಿಗೆ ಆಹಾರ ಮುಟ್ಟಬೇಕೆಂದು 1942ರಲ್ಲಿ ಈ ಊರಿನ ಕೆಲವರು ಕೂಡಿ ಒಂದು ಸಮಿತಿ ಕಟ್ಟಿದರು. ಯುದ್ಧ ಮುಗಿದ ಮೇಲೂ ಸಮಿತಿ ಉಳಿಯಿತು. ಜನ ಕೊಟ್ಟ ವಸ್ತುಗಳನ್ನು ಮಾರಿ ಹಣ ಕೂಡಿಸಲೆಂದು 1947ರಲ್ಲಿ ಹಿಡಿದ ಜಾಗವೇ ಇದು. 1951ರಲ್ಲಿ ನಮ್ಮ ಬಿಹಾರದಲ್ಲಿ ಬರ ಬಿದ್ದಾಗ ಇದೇ ಸಂಸ್ಥೆ ನೆರವಿಗೆ ಬಂದಿತ್ತೆಂದು ತಿಳಿದಾಗ ನಾವು ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು. ಇಲ್ಲಿಯ ಯಾರದೋ ಹಳೆಯ ಅಂಗಿಯ ಹಣ ನಮ್ಮ ದೇಶದ ಯಾರದೋ ತುತ್ತಾಗಿದ್ದಿರಬೇಕು.

ಮುಂದಿನ ವಾರವೆಲ್ಲ ಇಂಥ ಅಂಗಡಿಗಳನ್ನು ನೋಡುವುದೇ ನಮ್ಮ ತಿರುಗಾಟವಾಯಿತು. ಹೃದ್ರೋಗದ ಸಂಶೋಧನೆಗೆ ಒಂದು, ಕ್ಯಾನ್ಸರಿಗೆ ಒಂದು, ಕೊನೆಗಾಲದ ರೋಗಿಗಳ ಆರೈಕೆಗೆ ಇನ್ನೊಂದು. ಗಲ್ಲೆಯ ಬಳಿ ನಿಂತವರಲ್ಲಿ ಬಹುಮಂದಿ ಸಂಬಳವಿಲ್ಲದೆ ದುಡಿಯುವ ನಿವೃತ್ತರು. ಬಟ್ಟೆಗಳನ್ನು ಆರಿಸಿ, ಆವಿಯ ಇಸ್ತ್ರಿ ಹಾಕಿ, ಅಳತೆಯ ಪ್ರಕಾರ ತೂಗುಹಾಕಿರುತ್ತಾರೆ. ಬೆಲೆ ಚೀಟಿಯಲ್ಲಿದ್ದಷ್ಟೇ, ಚೌಕಾಶಿಯಿಲ್ಲ. ಮಾರಲು ಬಾರದ್ದನ್ನು ತೂಕದ ಲೆಕ್ಕದಲ್ಲಿ ಚಿಂದಿ ವ್ಯಾಪಾರಿಗಳಿಗೆ ಕೊಡುತ್ತಾರೆ. ಪಶ್ಚಿಮ ದೇಶಗಳ ಇಂಥ ಹಳೆಯ ಉಣ್ಣೆಯನ್ನು ತರಿಸಿ, ಬಿಡಿಸಿ, ಮತ್ತೆ ನೂತು ಕಂಬಳಿ ನೇಯುವುದಕ್ಕೆ ನಮ್ಮ ಹರಿಯಾಣದ ಪಾಣಿಪತ್ ಹೆಸರಾಗಿದೆ.

ಮಗನಿಂದ ಕಲಿತ ಕೆಲವು ಮಾತುಗಳನ್ನು ಅಲ್ಲಿಗೆ ಹೋಗುವ ಓದುಗರಿಗಾಗಿ ಹೇಳುತ್ತೇವೆ. ಉಳ್ಳವರ ಬಡಾವಣೆಯ ಅಂಗಡಿಗೆ ಉಳ್ಳವರ ಬಟ್ಟೆ ಬರುತ್ತದೆ; ಆದ್ದರಿಂದ ಒಳ್ಳೆಯ ಉಣ್ಣೆ ಬೇಕಾದರೆ ಸಮ್ಮರ್‌ಟೌನಿಗೆ ಹೋಗಬೇಕು. ವಿದ್ಯಾರ್ಥಿಗಳು ತುಂಬಿರುವ ಕೌಲಿ ರಸ್ತೆಯಲ್ಲಿ ಹುಡುಗರ ಉಡುಪು ಹೆಚ್ಚು. ಶನಿವಾರದ ಗದ್ದಲಕ್ಕಿಂತ ವಾರದ ನಡುವಿನ ಬೆಳಿಗ್ಗೆ ಮೇಲು. ಕೋಟನ್ನು ಬೆಳಕಿಗೆ ಹಿಡಿದರೆ ನುಸಿ ತಿಂದ ತೂತು ಕಾಣುತ್ತದೆ. ಕಂಕುಳು, ಕಾಲರು, ಒಳಗಿನ ಅಸ್ತರು ಇವನ್ನು ತಿರುವಿ ನೋಡಬೇಕು. ಜಿಪ್ಪನ್ನು ಎರಡು ಸಲ ಎಳೆದು ನೋಡಬೇಕು. ಉಣ್ಣೆ ಎಷ್ಟು, ನೈಲಾನು ಎಷ್ಟು ಎಂಬುದು ಒಳಚೀಟಿಯಲ್ಲಿರುತ್ತದೆ.

ಇಷ್ಟೆಲ್ಲ ಇವನಿಗೆ ಹೇಗೆ ತಿಳಿಯಿತೆಂದು ಒಂದು ಸಂಜೆ ಕೇಳಿದೆವು. ಅವನು ನಕ್ಕು ಗೋಡೆಗೆ ತೂಗಿದ್ದ ಕಪ್ಪು ಕೋಟನ್ನು ತೋರಿಸಿದ. 2015ರಲ್ಲಿ ಓದಲೆಂದು ಬಂದ ವರುಷ ಅವನು ಕಳಿಸಿದ ಚಿತ್ರದಲ್ಲಿ ಇದೇ ಕೋಟು ಇದ್ದಿತು. "ಹೊಸ ಕೋಟಿನ್ಯಾಗ ಸಾಹೇಬ ಕಂಡಂಗ ಕಾಣ್ತಾನ" ಎಂದು ನಾವು ಬೀಗರಿಗೆಲ್ಲ ತೋರಿಸಿದ್ದೆವು. ಅದು 8 ಪೌಂಡಿನ ಹಳೆಯ ಕೋಟು. "ನೀವು ಸಾಲ ಮಾಡಿ ಕಳಿಸಿದ್ರಿ ಅಪ್ಪಾ. ಹೇಳಿದ್ರ ಅವ್ವ ಅಳತಾಳಂತ ಹೇಳಲಿಲ್ಲ" ಎಂದ.

ನಮ್ಮ ಮನೆಯವರು ಏನೂ ಅನ್ನಲಿಲ್ಲ. ರಾತ್ರಿ ಮಲಗುವಾಗ ಮಗನಿಗೆಂದು ಊರಿನಿಂದ ತಂದಿದ್ದ ಕೌದಿಯನ್ನು ಸವರುತ್ತ ಕುಳಿತರು. ಅದರ ಮೇಲಿನ ಪದರ ಅವರ ಅಜ್ಜಿಯ ಇಳಕಲ್ಲ ಸೀರೆಯದು. ಒಳಗೆ ತೀರಿಕೊಂಡ ಮಾವನ ಧೋತರದ ತುಂಡುಗಳಿವೆ. "ಇದೂ ಸತ್ತವರದೇ ಅಲ್ರೀ" ಎಂದರು. ತಡೆದು, "ಆದ್ರ ಇವರು ನಮ್ಮವರು" ಎಂದರು. ಎರಡನೆಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಬೆಳಗಾದ ಮೇಲೆ ಅವರೇ ಚೀಲ ಹಿಡಿದು ಹೊರಟರು. ಸಮ್ಮರ್‌ಟೌನಿನಲ್ಲಿ ಬೂದುಬಣ್ಣದ ಉಣ್ಣೆಯ ಕೋಟೊಂದು 12 ಪೌಂಡಿಗೆ ದೊರೆಯಿತು. ಸೀರೆಯ ಮೇಲೆ ತೊಟ್ಟರೆ ಅಳತೆಗೆ ಹೊಲಿಸಿದಂತಿತ್ತು. ಮನೆಗೆ ಬಂದು ನೋಡಿದರೆ ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಬಿಳಿಯ ಕರವಸ್ತ್ರ. ಅದನ್ನು ಎಸೆಯಲು ಅವರಿಗೆ ಮನಸ್ಸಾಗಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಅದೇ ಜೇಬಿನಲ್ಲಿಟ್ಟರು. ಚಳಿಗಾಲವೆಲ್ಲ ಆ ಕೋಟು ಅವರನ್ನು ಕಾಯಿತು.

ಮಾರ್ಚಿಯಲ್ಲಿ ಹೊರಡುವ ಮುನ್ನ ಕೋಟನ್ನು ಶುಚಿ ಮಾಡಿಸಿ, ಸಡಿಲವಾಗಿದ್ದ ಗುಂಡಿಯನ್ನು ಬಿಗಿಯಾಗಿ ಹಚ್ಚಿ, ಕರವಸ್ತ್ರ ಸಮೇತ ಅದೇ ಅಂಗಡಿಗೆ ಒಪ್ಪಿಸಿ ಬಂದರು. ಗಲ್ಲೆಯ ಮುದುಕಿ ಎರಡೂ ಕೈಯಿಂದ ತೆಗೆದುಕೊಂಡು ಧನ್ಯವಾದ ಹೇಳಿದಳು.

ಊರಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬದಲಾಗಿದೆ. ಯಾರಿಗಾದರೂ ಹಳೆಯ ಬಟ್ಟೆ ಕೊಡುವಾಗ ಗಂಟುಕಟ್ಟಿ ಬಾಗಿಲಾಚೆ ಇಡುವುದಿಲ್ಲ. ಒಗೆದು, ಹರಿದದ್ದನ್ನು ಹೊಲಿದು, ಮಡಿಚಿ, ಒಳಗೆ ಕರೆದು ಕೈಗೆ ಕೊಡುತ್ತೇವೆ. ನಾವು ತೊಡಲು ನಾಚುವಂಥದನ್ನು ಇನ್ನೊಬ್ಬರಿಗೆ ಕೊಡಬಾರದೆಂಬುದು, ತೆಗೆದುಕೊಳ್ಳುವವರ ಸ್ಥಾನದಲ್ಲಿ ಒಂದು ಚಳಿಗಾಲ ನಿಂತ ಮೇಲೆ ನಮಗೆ ತಿಳಿಯಿತು.