ವಾಪಸು ಬರುವ ತಾರೀಕು

ಕಾಸರಗೋಡಿನ ಕಡೆ ಕನ್ನಡ ಮಾಧ್ಯಮ ಶಾಲೆಯ ಟೀಚರ್ ಅಂದರೆ ಊರಿನವರ ಪಾಲಿಗೆ ಅರ್ಜಿ ಬರೆದುಕೊಡುವವಳೂ ಹೌದು, ಕಾಗದ ಓದಿ ಹೇಳುವವಳೂ ಹೌದು. ಪಂಚಾಯತಿನಿಂದ ಮಲಯಾಳದಲ್ಲಿ ಬಂದ ನೋಟೀಸು, ಬ್ಯಾಂಕಿನ ಇಂಗ್ಲಿಷ್ ಫಾರ್ಮು, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಎಲ್ಲವೂ ಮಧ್ಯಾಹ್ನದ ಗಂಜಿಯ ಹೊತ್ತಿಗೆ ಸರಿಯಾಗಿ ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತವೆ. ಇದರ ಬಗ್ಗೆ ನನಗೆ ದೂರು ಏನಿಲ್ಲ. ಆದರೆ 2023ರ ನವೆಂಬರಿನಲ್ಲಿ ಬಂದ ಒಂದು ಕಾಗದದ ಬಗ್ಗೆ ಬರೆಯಲೇಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಗಲ್ಫಿನಲ್ಲಿ ನೆಂಟರಿರುವ ಮನೆ ನಮ್ಮಲ್ಲಿ ಎಷ್ಟಿವೆ ಅಂತ ನಿಮಗೂ ಗೊತ್ತಲ್ಲ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಆರನೇ ತರಗತಿಯ ಒಬ್ಬ ಹುಡುಗ. ತಾಯಿ ಬೀಡಿ ಕಟ್ಟುತ್ತಾರೆ. ತಂದೆ ಮುಂಬಯಿಯ ಹೋಟೇಲಿನಲ್ಲಿ. ಬಿಟ್ಟು ಹೋದವರು ಅಂತ ಹೇಳುವ ಹಾಗಿಲ್ಲ, ಬಂದು ಹೋಗುವವರು ಅಂತಲೂ ಹೇಳುವ ಹಾಗಿಲ್ಲ. ಹಣ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ. ತಾಯಿಯ ಅಣ್ಣ ದುಬೈಯಲ್ಲಿ ಸಂಸಾರ ಸಮೇತ ಇದ್ದಾರೆ, ಇವನ ಪ್ರಾಯದ ಇಬ್ಬರು ಮಕ್ಕಳು. ಡಿಸೆಂಬರಿನಲ್ಲಿ ಊರಿಗೆ ಗೃಹಪ್ರವೇಶವೊಂದಕ್ಕೆ ಬರುವವರು ಹಿಂದೆ ಹೋಗುವಾಗ ಅಳಿಯನನ್ನೂ ಕರೆದುಕೊಂಡು ಹೋಗಿ ಕ್ರೂಸ್ ಹಡಗಿನಲ್ಲಿ ಸುತ್ತಾಡಿಸುತ್ತಾರಂತೆ. ದುಬೈಯಿಂದ ಹೊರಟು ಅಬುಧಾಬಿ, ಮಸ್ಕತ್ ನೋಡಿ ತಿರುಗಿ ದುಬೈಗೆ. ಹುಡುಗ ಕ್ಲಾಸಿನಲ್ಲಿ ಹಡಗಿನ ಚಿತ್ರ ಬಿಡಿಸಿ ಬಿಡಿಸಿ ಒಂದು ನೋಟ್‌ಬುಕ್ಕೇ ಮುಗಿಸಿದ್ದ. ಹದಿನಾಲ್ಕು ಮಹಡಿ, ಮೇಲೆ ಈಜುಕೊಳ!

ತಾಯಿ ತಂದ ಕಾಗದ ಅರ್ಧ ಪುಟದ ಇಂಗ್ಲಿಷು. ಟ್ರಾವೆಲ್ ಏಜೆಂಟ್ ಟೈಪ್ ಮಾಡಿಸಿ ಕೊಟ್ಟದ್ದು.

"ಟೀಚರೇ, ಇದಕ್ಕೆ ನಾನೂ ಅವರೂ ಸೈನ್ ಹಾಕ್ಲಿಕ್ಕೆ ಉಂಟಂತೆ. ಎಂತ ಬರ್ದಿದ್ದಾರೆ ಅಂತ ಸ್ವಲ್ಪ ನೋಡಿ ಹೇಳ್ತೀರಾ? ಹೆಸರು ಸರಿ ಉಂಟಾ ಅಂತ ನೋಡಿದ್ರೆ ಸಾಕು."

ಹೆಸರು ನೋಡುವ ಮೊದಲು ವಿಷಯ ಓದಿದೆ. ನನ್ನ ಮಗ ನನ್ನ ಅಣ್ಣನ ಜೊತೆ ವಿದೇಶಕ್ಕೆ ಪ್ರಯಾಣ ಮಾಡುವುದಕ್ಕೆ ನನ್ನ ಆಕ್ಷೇಪ ಇಲ್ಲ. ಅಷ್ಟೇ. ಯಾವ ದೇಶ? ಇಲ್ಲ. ಎಂದಿನಿಂದ ಎಂದಿನ ತನಕ? ಇಲ್ಲ. ಹಡಗಿನ ಹೆಸರು, ಅಣ್ಣನ ಪಾಸ್‌ಪೋರ್ಟ್ ನಂಬರು, ಮಗುವಿಗೆ ಜ್ವರ ಬಂದರೆ ಔಷಧಿ ಕೊಡಿಸಲು ಯಾರಿಗೆ ಅಧಿಕಾರ... ಯಾವುದೂ ಇಲ್ಲ. ಅದನ್ನೇ ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಬರೆದು ಅವರ ಕೈಗೆ ಕೊಟ್ಟೆ. ಅವರು ಏಳನೆಯ ತನಕ ಇದೇ ಶಾಲೆಯಲ್ಲಿ ಓದಿದವರು, ಕನ್ನಡ ಚೆನ್ನಾಗಿ ಓದುತ್ತಾರೆ. ಎರಡು ಸಲ ಓದಿ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿದರು. "ಅವರಿಗೂ ಇದನ್ನೇ ಕಳಿಸ್ತೇನೆ" ಅಂದರು.

ಆ ರಾತ್ರಿ ಮುಂಬಯಿಯಿಂದ ಫೋನ್ ನನಗೇ ಬಂತು. ತುಳುವಿನಲ್ಲೇ ಮಾತು. ಸಿಟ್ಟು ಇರಲಿಲ್ಲ, ಆದರೆ ಪ್ರಶ್ನೆ ನೇರವಾಗಿತ್ತು. "ಟೀಚರ್, ಹೋಗ್ಲಿಕ್ಕೆ ಒಪ್ಪಿಗೆ ಅಂತ ಉಂಟು. ವಾಪಸು ಬರ್ತಾನೆ ಅಂತ ಎಲ್ಲಿ ಬರ್ದದ್ದುಂಟು?"

ನೋಡಿ, ಪಾಸ್‌ಪೋರ್ಟ್ ಮಾಡಿಸುವಾಗಲೂ ಇದೇ ಮನುಷ್ಯ ಸಹಿ ಹಾಕಿದ್ದರು. ಮಕ್ಕಳ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರೂ ಕೊಡುವ ಘೋಷಣೆಗೆ ಅನೆಕ್ಷರ್ ಡಿ ಎನ್ನುತ್ತಾರೆ. ಒಬ್ಬರ ಒಪ್ಪಿಗೆ ಸಿಗದಿದ್ದರೆ ಇನ್ನೊಬ್ಬರು ಕಾರಣ ಬರೆದು ಕೊಡುವುದು ಅನೆಕ್ಷರ್ ಸಿ. 2016ರ ಡಿಸೆಂಬರಿನಲ್ಲಿ ನಿಯಮ ಸಡಿಲವಾದ ಮೇಲೆ ಇವನ್ನು ಬಿಳಿ ಹಾಳೆಯಲ್ಲಿ ಬರೆದರೆ ಸಾಕು, ನೋಟರಿ ಬೇಡ. ಒಳ್ಳೆಯದೇ ಆಯಿತು. ಆದರೆ ಆ ಸಹಿಯನ್ನು ಅವರು ಹಾಕಿದ್ದು ಪೆನ್ಸಿಲಿನಲ್ಲಿ ಗುರುತು ಮಾಡಿದ ಜಾಗದಲ್ಲಿ, ಓದದೆ. ತನ್ನ ಭಾಷೆಯಲ್ಲಿ ಓದಿದಾಗ ಮಾತ್ರ ಈ ಪ್ರಶ್ನೆ ಹುಟ್ಟಿತು.

ತಾಯಿಗೆ ಅದು ಬೇರೆ ತರ ಕಂಡಿತು. "ಮೂರು ವರ್ಷದಿಂದ ಫೀಸು ಕೇಳದ ಮನುಷ್ಯ ಈಗ ತಾರೀಕು ಕೇಳ್ತಾರಾ? ಅವರ ಸೈನ್ ಇಲ್ದೆ ಆಗುದಿಲ್ವಾ ಟೀಚರೇ?"

ಕಾನೂನಿನ ಮಾತು ಹೇಳುವುದಾದರೆ, 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವದ ಕಾಯ್ದೆಯಲ್ಲಿ ಸಹಜ ಪಾಲಕ ತಂದೆ, ಅವನ ‘ನಂತರ’ ತಾಯಿ ಅಂತ ಇದೆ. ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಆ ‘ನಂತರ’ ಎಂಬ ಪದಕ್ಕೆ ತಂದೆ ತೀರಿಕೊಂಡ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಇಲ್ಲದಿರುವಾಗ ಎಂದೂ ಅರ್ಥ ಅಂತ ಹೇಳಿತು. ಮಗುವಿನ ಯೋಗಕ್ಷೇಮಕ್ಕೆ ತಲೆಹಾಕದ ತಂದೆ ಬದುಕಿದ್ದರೂ ತಾಯಿ ಪಾಲಕಿ ಆಗಬಹುದು. ಆದರೆ ಹಡಗು ಹತ್ತುವ ಕೌಂಟರಿನಲ್ಲಿ ಕುಳಿತವರು ಜಡ್ಜ್ ಅಲ್ಲವಲ್ಲ. ಅವರು ನೋಡುವುದು ಜನನ ಪತ್ರದಲ್ಲಿ ಎಷ್ಟು ಹೆಸರಿವೆ, ಒಪ್ಪಿಗೆ ಪತ್ರದಲ್ಲಿ ಎಷ್ಟು ಸಹಿ ಇವೆ ಅಂತ. ತಂದೆ ತೀರಿಕೊಂಡಿದ್ದರೆ ಮರಣ ಪತ್ರ, ವಿಚ್ಛೇದನ ಆಗಿದ್ದರೆ ಮಗು ಯಾರ ವಶ ಎಂಬ ಕೋರ್ಟಿನ ಆದೇಶ ತೋರಿಸಬಹುದು. ಇವರಲ್ಲಿ ಎರಡೂ ಇಲ್ಲ. ಫೋನಿಗೆ ಸಿಗುವ ತಂದೆ ಇದ್ದಾರೆ. ಸಹಿ ಬೇಕು ಅಂತಲೇ ಹೇಳಿದೆ. ಅವರಿಗೆ ಅದು ರುಚಿಸಲಿಲ್ಲ, ಎರಡು ದಿನ ಶಾಲೆಯ ಕಡೆ ಬರಲೂ ಇಲ್ಲ.

ನಡುವೆ ಒಂದು ಮಾತು. ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ತಮ್ಮಲೆ, ಅಂದರೆ ತಾಯಿಯ ಅಣ್ಣತಮ್ಮಂದಿರೇ ಯಜಮಾನರು. ಮದುವೆ, ಆಸ್ತಿ, ಭೂತದ ಕೋಲ ಎಲ್ಲಕ್ಕೂ ಅವರ ಮಾತೇ ಕೊನೆ. ಕೇರಳದಲ್ಲಿ 1975ರ ಕಾಯ್ದೆಯಿಂದ ಕೂಡುಕುಟುಂಬದ ಆ ಹಕ್ಕುಗಳು ಹೋದವು, ಗೌರವ ಹೋಗಲಿಲ್ಲ. ದುಬೈಯ ಮಾವನಿಗೆ ನಿಜವಾಗಿ ಬೇಸರ ಆಗಿತ್ತಂತೆ. "ನನ್ನ ತಂಗಿಯ ಮಗನನ್ನು ಕರ್ಕೊಂಡು ಹೋಗ್ಲಿಕ್ಕೆ ನನಗೆ ಪತ್ರವಾ?" ಹಡಗಿನವರ ಲೆಕ್ಕದಲ್ಲಿ ಅವರು ‘ತಂದೆ ತಾಯಿ ಅಲ್ಲದ ವಯಸ್ಕ’, ಅಷ್ಟೇ.

ಪತ್ರ ಕೇಳುವುದು ಸುಮ್ಮನೆ ಕಾಟ ಕೊಡಲಿಕ್ಕಲ್ಲ. ಒಬ್ಬ ಪೋಷಕರಿಗೆ ತಿಳಿಸದೆ ಇನ್ನೊಬ್ಬರೋ ನೆಂಟರೋ ಮಗುವನ್ನು ಬೇರೆ ದೇಶಕ್ಕೆ ಒಯ್ದು ಅಲ್ಲೇ ಇರಿಸಿಕೊಳ್ಳುವ ಪ್ರಕರಣಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅಂಥ ಮಕ್ಕಳನ್ನು ಬೇಗ ಹಿಂದೆ ಕಳಿಸಲು 1980ರಲ್ಲಿ ಹೇಗ್ ಒಪ್ಪಂದ ಎಂಬುದು ಆಯಿತು. ಭಾರತ ಅದಕ್ಕೆ ಸೇರಿಲ್ಲ. ಕಾನೂನು ಆಯೋಗ 2009ರಲ್ಲಿ ಸೇರಬೇಕು ಅಂದಿತು, 2016ರಲ್ಲಿ ಮಸೂದೆಯ ಕರಡೂ ಆಯಿತು, ಅಲ್ಲಿಗೇ ನಿಂತಿದೆ. ಯುಎಇ ಕೂಡ ಸೇರಿಲ್ಲ. ಹಾಗಾಗಿ ಹುಡುಗ ಅಲ್ಲಿ ಉಳಿದುಬಿಟ್ಟರೆ ಆ ಒಪ್ಪಂದದ ದಾರಿ ಬೀಡಿ ಕಟ್ಟುವ ತಾಯಿಗೂ ಇಲ್ಲ, ಹೋಟೇಲಿನ ತಂದೆಗೂ ಇಲ್ಲ. ಮಾವ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಬಹಳ ಒಳ್ಳೆಯವರು. ಆದರೆ "ಇಲ್ಲೇ ಒಳ್ಳೆ ಶಾಲೆ ಉಂಟು, ಇವನೂ ಇಲ್ಲೇ ಇರ್ಲಿ" ಅಂತ ಪ್ರೀತಿಯಿಂದಲೇ ಹೇಳುವವರೂ ಇದ್ದಾರಲ್ಲ. ತಂದೆಯ ಹೆದರಿಕೆ ಅದೇ. ಆಮೇಲೆ ತಿಳಿಯಿತು, ತಾಯಿಯ ಮನಸ್ಸಿನಲ್ಲೂ ಅದೇ ಇತ್ತು, ಅಣ್ಣನ ಹತ್ತಿರ ಕೇಳಲು ಬಾಯಿ ಬರಲಿಲ್ಲ.

ಹೊಸ ಪತ್ರ ಬರೆಯಲು ಕುಳಿತೆವು. ಮೊದಲು ಕನ್ನಡದಲ್ಲಿ, ಆಮೇಲೆ ಅದರದೇ ಇಂಗ್ಲಿಷು. ಮಗುವಿನ ಹೆಸರು, ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ನಂಬರು. ಕರೆದುಕೊಂಡು ಹೋಗುವವರ ಹೆಸರು, ನಂಬರು, ಸಂಬಂಧ. ಹಡಗಿನ ಹೆಸರು, ಅದು ನಿಲ್ಲುವ ದೇಶಗಳೆಲ್ಲ ಒಂದೊಂದಾಗಿ. ದುಬೈ ಅಂತ ಮಾತ್ರ ಬರೆದರೆ ಮಸ್ಕತ್ ಬೇರೆ ದೇಶ ತಾನೇ? ವೀಸಾದ ವಿಷಯದಲ್ಲೂ ಇದು ಮರೆತುಹೋಗುತ್ತದೆ: ಹಡಗು ಯುಎಇ ಬಿಟ್ಟು ಹೋಗಿ ತಿರುಗಿ ಅಲ್ಲಿಗೇ ಬರುವುದರಿಂದ ಒಂದೇ ಸಲ ಒಳಗೆ ಬಿಡುವ ವೀಸಾ ಸಾಲುವುದಿಲ್ಲ, ಹಲವು ಸಲ ಪ್ರವೇಶದ್ದೇ ಬೇಕು.

ಡಿಸೆಂಬರ್ 22ಕ್ಕೆ ಹೊರಡುವುದು ಅಂತ ಬರೆದೆವು. ವಾಪಸು? ಆಗ ಹೊರಬಿತ್ತು ನೋಡಿ ಗುಟ್ಟು. ಮಾವ ದುಬೈಯಲ್ಲೇ ಉಳಿಯುವವರು, ಹುಡುಗನನ್ನು ಕರೆದುಕೊಂಡು ಬರುವವರು ಯಾರು ಅಂತ ಯಾರೂ ಯೋಚಿಸಿಯೇ ಇರಲಿಲ್ಲ! ವಾಟ್ಸಾಪಿನಲ್ಲಿ ಕೇಳಿದರೆ "ಯಾರಾದ್ರೂ ಊರಿನವರು ಹೋಗುವಾಗ ಕಳಿಸ್ತೇನೆ" ಅಂದರು. ಆಗುವುದಿಲ್ಲ ಅಂತ ತಾಯಿಯೇ ಹೇಳಿದರು, ನಾನು ಹೇಳಿಕೊಟ್ಟದ್ದಲ್ಲ. ಸಾಮಾನ್ಯವಾಗಿ 5ರಿಂದ 12 ವರ್ಷದೊಳಗಿನ ಮಕ್ಕಳು ಒಬ್ಬರೇ ಬರುವಾಗ ವಿಮಾನದವರು ತಮ್ಮ ಜವಾಬ್ದಾರಿಯಲ್ಲಿ ಕರೆತರುವ ವ್ಯವಸ್ಥೆ ಉಂಟು, ಬೇರೆ ಶುಲ್ಕ ಕೊಡಬೇಕು. ಅಲ್ಲಿ ಒಪ್ಪಿಸುವವರು ಯಾರು, ಇಲ್ಲಿ ತೆಗೆದುಕೊಳ್ಳುವವರು ಯಾರು ಅಂತ ಫಾರ್ಮಿನಲ್ಲಿ ಹೆಸರು ಬರೆಯಬೇಕು, ಗುರುತಿನ ಚೀಟಿ ತೋರಿಸಿದರೆ ಮಾತ್ರ ಮಗುವನ್ನು ಬಿಡುವುದು. ಡಿಸೆಂಬರ್ 31, ಮಂಗಳೂರು ವಿಮಾನ ನಿಲ್ದಾಣ, ತೆಗೆದುಕೊಳ್ಳುವವರು ತಾಯಿ. ಟಿಕೆಟ್ ಮಾಡಿಸಿದ ಮೇಲೆಯೇ ಪತ್ರಕ್ಕೆ ನಂಬರು ಬರೆದದ್ದು.

ಕೊನೆಗೆ ತಾಯಿ ಒಂದು ಸಾಲು ಸೇರಿಸಿದರು. "ಅವನಿಗೆ ದಮ್ಮು ಉಂಟು, ಅದು ಬರೀರಿ ಟೀಚರೇ." ಬರೆದೆವು. ಪಂಪ್ ಬ್ಯಾಗಿನಲ್ಲಿದೆ, ಅಗತ್ಯ ಬಿದ್ದರೆ ಹಡಗಿನ ಡಾಕ್ಟರರಿಂದ ಚಿಕಿತ್ಸೆ ಕೊಡಿಸುವ ಅಧಿಕಾರ ಮಾವನಿಗೆ ಇದೆ ಅಂತ.

ಇನ್ನು ಹೆಸರಿನ ರಗಳೆ. ಹುಡುಗ ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ನಮ್ಮ ಕಡೆ ಹೆಚ್ಚಿನವರ ಹಾಗೆ. ಜನನ ಪತ್ರ ಅಲ್ಲಿಯ ಪಾಲಿಕೆಯದು, ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಅದರಲ್ಲಿ ತಂದೆಯ ಹೆಸರು ಸರಿಯಾಗಿದೆ. ಕೇರಳದ ದಾಖಲೆಗೆ ಬರುವಾಗ ಬಾಲಕ್ಕೊಂದು ‘ನ್’ ಅಂಟಿಕೊಂಡಿದೆ. ಇದು ಗಡಿನಾಡಿನ ಹಳೆಯ ಕಾಯಿಲೆ, ಕೃಷ್ಣ ಹೋಗಿ ಕೃಷ್ಣನ್, ರಾಮ ಹೋಗಿ ರಾಮನ್. ನಮಗೆ ತಮಾಷೆ, ಕೌಂಟರಿನವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಅದೃಷ್ಟಕ್ಕೆ ಹುಡುಗನ ಪಾಸ್‌ಪೋರ್ಟಿನಲ್ಲಿ ‘ನ್’ ಇರಲಿಲ್ಲ, ತಂದೆಯ ಆಧಾರಿನಲ್ಲಿ ಇತ್ತು. ಎರಡೂ ಹೆಸರು ಒಬ್ಬನದೇ ಎಂಬ ಅಫಿದವಿತ್ ಮಾಡಿಸಬೇಕಾಯಿತು. ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸುವಾಗಲೇ ಜನನ ಪತ್ರ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ ಅಂತ ನಾನು ಪ್ರತಿ ಜೂನಿನಲ್ಲೂ ಬಾಯಿ ಬಡಿದುಕೊಳ್ಳುವುದು ಇದಕ್ಕೇ.

ನೋಟರಿಯ ಹತ್ತಿರ ಇನ್ನೊಂದು. "ಕನ್ನಡದ್ದು ಯಾಕೆ, ಇಂಗ್ಲಿಷಿನದ್ದು ಸಾಕು" ಅಂದರು ಅವರು, ಮಲಯಾಳದಲ್ಲಿ. 1952ರ ನೋಟರಿ ಕಾಯ್ದೆಯ 8ನೇ ಸೆಕ್ಷನ್ನಿನಲ್ಲಿ ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವುದೂ ನೋಟರಿಯ ಕೆಲಸವೇ ಅಂತ ಇದೆ. ಸಹಿ ಹಾಕುವವರು ಓದುವ ಭಾಷೆ ಇದು, ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಕೊಡಿ ಸಾರ್ ಅಂದೆ. ಅವರ ಗುಮಾಸ್ತರು ಕನ್ನಡ ಬಲ್ಲವರು, ಓದಿ ತಾಳೆ ನೋಡಿದರು, ಎರಡಕ್ಕೂ ಸೀಲು ಬಿತ್ತು. ತಂದೆ ಮುಂಬಯಿಯಲ್ಲಿ ಬೇರೆ ನೋಟರಿಯ ಎದುರು ಬೇರೆ ಪ್ರತಿಗೆ ಸಹಿ ಹಾಕಿ ಕೊರಿಯರ್ ಮಾಡಿದರು. ಹಾಗೆ ಎರಡು ಪತ್ರ ಆದರೂ ನಡೆಯುತ್ತದೆ, ಒಂದೇ ಹಾಳೆಯಲ್ಲಿ ಇಬ್ಬರ ಸಹಿ ಇರಲೇಬೇಕೆಂದಿಲ್ಲ. ಅವರ ಕನ್ನಡ ಸಹಿ ದೊಡ್ಡ ದೊಡ್ಡ ಅಕ್ಷರದಲ್ಲಿ, ಕೆಳಗೆ ತಾರೀಕು, ಮೇಲೆ ‘31-12-2023’ ಎಂಬ ಸಾಲಿನ ಅಡಿಯಲ್ಲಿ ಪೆನ್ನಿನಿಂದ ಒಂದು ಗೆರೆ.

31ರ ಸಂಜೆ ನಾನು ಮನೆಯಲ್ಲಿ ಕ್ರಿಸ್‌ಮಸ್ ಪರೀಕ್ಷೆಯ ಪೇಪರು ನೋಡುತ್ತಿದ್ದೆ. ಮುಂಬಯಿಯ ಫೋನು.

"ಬಂದ್ನಾ ಟೀಚರ್?"

"ಮನೆಗೇ ಫೋನ್ ಮಾಡಿ ಕೇಳಿ" ಅಂದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಯ್ತು" ಅಂತ ಇಟ್ಟರು. ಮಾಡಿದರಂತೆ, ಹುಡುಗ ಅರ್ಧ ಗಂಟೆ ಹಡಗಿನ ವರ್ಣನೆ ಮಾಡಿದನಂತೆ. ಶಾಲೆ ಶುರುವಾದ ದಿನ ತಾಯಿ ಬಂದು ಕನ್ನಡದ ಪತ್ರದ ಒಂದು ಪ್ರತಿ ನನಗೇ ಕೊಟ್ಟು ಹೋದರು. ಹೆಸರು, ನಂಬರು ತೆಗೆದು ಅದನ್ನು ಮಾದರಿಯಾಗಿ ಸ್ಟಾಫ್ ರೂಮಿನ ಫೈಲಿನಲ್ಲಿ ಇಟ್ಟಿದ್ದೇನೆ. ಇಲ್ಲಿಯ ತನಕ ಮೂರು ಮನೆಯವರು ಬಂದು ನಕಲು ಮಾಡಿಕೊಂಡು ಹೋಗಿದ್ದಾರೆ.