ಅಮ್ಮ ಎದ್ದುಹೋದ ಹಾಡು

ಹಾರೋಹಳ್ಳಿಯ ಟೆಂಟಿನಲ್ಲಿ ಹಾಡು ಬಂತೆಂದರೆ ಅಪ್ಪ ಬೀಡಿ ಹಚ್ಚಲು ಎದ್ದು ಹೋಗುತ್ತಿದ್ದರು. ಅಮ್ಮ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು. 1972ರ ‘ಬಂಗಾರದ ಮನುಷ್ಯ’ದಲ್ಲಿ ಪಿ.ಬಿ. ಶ್ರೀನಿವಾಸರ ದನಿಗೆ ಹೆಜ್ಜೆ ಹಾಕುವ ರಾಜಕುಮಾರ್ ಅವಳಿಗೆ ನಮ್ಮೂರಿನ ರೈತನೇ. 1965ರ ಮಲಯಾಳಂ ‘ಚೆಮ್ಮೀನ್’ನ ನಾಯಕನೂ ಅಷ್ಟೇ; ಕುಣಿತವಿಲ್ಲ, ಕಡಲ ದಡದಲ್ಲಿ ಮನ್ನಾ ಡೇ ದನಿಯಲ್ಲಿ ಒಬ್ಬನೇ ಹಾಡಿಕೊಳ್ಳುತ್ತಾನೆ.

1975ರ ಹಿಂದಿ ‘ಶೋಲೆ’ಯಲ್ಲೋ, ನಮ್ಮ ಸೀಮೆಯ ರಾಮನಗರದ ಬಂಡೆಗಳ ನಡುವೆ, ಹೇಮಾಮಾಲಿನಿ ಗಾಜಿನ ಚೂರುಗಳ ಮೇಲೆ ಕುಣಿಯಬೇಕು. ಕಾಲು ನಿಂತರೆ ಪ್ರಿಯಕರನ ಜೀವ ಹೋಗುತ್ತದೆ. ಅಂದು ಅಪ್ಪ ಏಳಲಿಲ್ಲ, ಅಮ್ಮ ಎದ್ದಳು. “ನೋವಾದ್ರೂ ನಿಲ್ಲಂಗಿಲ್ವಲ್ಲ” ಎಂದಳು.

ಹಿಂದಿ ಬಾರದವಳಿಗೆ ಎಲ್ಲವೂ ಅರ್ಥವಾಗಿತ್ತು. ಅವಳ ಒಡೆದ ಹಿಮ್ಮಡಿಗಳನ್ನು ನಾನು ಸರಿಯಾಗಿ ನೋಡಿದ್ದು ಅಂದೇ.